ಇಕ್ಕಳದಲ್ಲಿ ಕುಟ್ಟಿದರೆ ಯಾರಿಗೆ ತಿಳಿಯುತ್ತದೆ?

ಬಾಯಾರಿದರೂ ನೀರು ಕೇಳದೆ ಕುಳಿತಿರುವವರು ನಿಮ್ಮ ಬೀದಿಯಲ್ಲೂ ಒಬ್ಬರಿರಬಹುದು. ಪಾಪ, ನೋಡಿಕೊಳ್ಳುವವಳು ಈಗ ತಾನೇ ಕೆಲಸ ಮುಗಿಸಿ ಕುಳಿತಿದ್ದಾಳೆ, ಮತ್ತೆ ಎಬ್ಬಿಸುವುದು ಹೇಗೆ, ಕೇಳಿದರೆ ಏನಂದುಕೊಳ್ಳುತ್ತಾಳೋ ಎಂದು ಒಣಗಿದ ಗಂಟಲಲ್ಲೇ ಹೊತ್ತು ಕಳೆಯುವವರು. ನಾನೂ ಹಾಗೆ ಕುಳಿತವಳೇ. ಅದರ ಫಲವಾಗಿ ಆರು ವಾರ ಮಕಾಡೆ ಮಲಗಿದವಳು. ಹದಿನಾಲ್ಕು ವರ್ಷದ ಹಿಂದಿನ ಆ ಕಥೆಯನ್ನು ಈಗ ಹೇಳಲು ಒಂದು ಕಾರಣವಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನನ್ನನ್ನು ಎಲ್ಲರೂ ಕೊಡೆ ಅಕ್ಕ ಎನ್ನುತ್ತಾರೆ. ಛತ್ರಿ ಎಂದು ಬರೆಸಿದರೆ ಜನ ಬೇರೇನೋ ಅಂದುಕೊಂಡು ನಗುತ್ತಾರೆಂದು ಅಪ್ಪನೇ ಬೋರ್ಡಿನ ಮೇಲೆ 'ಕೊಡೆ ರಿಪೇರಿ' ಎಂದು ಬರೆಸಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಟ್ಟದಿಂದ ಹಳೆ ಕೊಡೆಗಳ ಕಟ್ಟು ಇಳಿಸಲು ಹೋಗಿ ಏಣಿಯಿಂದ ಬಿದ್ದೆ, ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಗೆ ಮುಟ್ಟಿದರೂ ತಿಳಿಯದು, ಸುಟ್ಟರೂ ತಿಳಿಯದು. ಕೈಗಳಿಗೆ ಮಾತ್ರ ಏನೂ ಆಗಲಿಲ್ಲ. ಅಪ್ಪ ಗಾಲಿಕುರ್ಚಿಯ ಎದುರಿಗೆ ಒಂದು ಹಲಗೆ ಜೋಡಿಸಿ, ಇಕ್ಕಳ, ಸೂಜಿ, ತಂತಿ ಎಲ್ಲವನ್ನೂ ಕೈಗೆಟುಕುವ ಹಾಗಿಟ್ಟು, "ಬಿದ್ದಿದ್ದು ನೀನು, ಅಂಗಡಿ ಬಿದ್ದಿಲ್ಲ" ಅಂದ. ಆಗೆಲ್ಲ ಮಳೆಗಾಲಕ್ಕೆ ಒಂದು ತಿಂಗಳ ಮೊದಲೇ ಬಾಗಿಲವರೆಗೂ ಕೊಡೆಗಳು ಬಂದು ಬೀಳುತ್ತಿದ್ದವು. ಮುರಿದ ಕಡ್ಡಿ, ಹರಿದ ಬಟ್ಟೆ, ಕಳಚಿದ ಹಿಡಿ. ಕೋಣೆಯೆಲ್ಲ ಯಂತ್ರದ ಎಣ್ಣೆಯ ಮತ್ತು ಒದ್ದೆ ಬಟ್ಟೆಯ ವಾಸನೆ. ಈಗ ಕೊಡೆ ಕೆಟ್ಟರೆ ಜನ ಬಿಸಾಡಿ ಹೊಸದು ಕೊಳ್ಳುತ್ತಾರೆ. ಆ ವಾಸನೆಗಾಗಿ ಮನಸ್ಸು ಇನ್ನೂ ಹಂಬಲಿಸುತ್ತದೆ.

ಅಮ್ಮನ ಮಾತಂತೂ ಬೇರೆಯೇ. ಅಪ್ಪ ಹೋದ ಮೇಲೂ ನನ್ನನ್ನು ಎತ್ತಿ ಕೂರಿಸಿದವಳು, ಸ್ನಾನ ಮಾಡಿಸಿದವಳು, ತಲೆ ಬಾಚಿದವಳು ಅವಳೊಬ್ಬಳೇ, ಒಟ್ಟು ಇಪ್ಪತ್ತೆರಡು ವರ್ಷ. ನಮ್ಮಿಬ್ಬರ ನಡುವೆ ಮಾತೇ ಬೇಕಿರಲಿಲ್ಲ. ನನ್ನ ಕೈಯಲ್ಲಿ ಯಾವಾಗಲೂ ಇಕ್ಕಳ ಇರುತ್ತಿತ್ತಲ್ಲ, ಅದರಿಂದ ಹಲಗೆಯ ಮೇಲೆ ಕುಟ್ಟುತ್ತಿದ್ದೆ. ಒಂದು ಏಟು ಎಂದರೆ ನೀರು. ಎರಡು ಎಂದರೆ ನನ್ನನ್ನು ಸ್ವಲ್ಪ ಮುಂದಕ್ಕೆ ಬಾಗಿಸು. ಮೂರು ಎಂದರೆ ಕುಶನ್ ಸರಿಯಿಲ್ಲ, ನೋಡು. ಅಡುಗೆಮನೆಯ ಪಾತ್ರೆಗಳ ಸದ್ದಿನ ನಡುವೆಯೂ ಅದು ಅವಳಿಗೆ ಕೇಳಿಸುತ್ತಿತ್ತು. ಗಿರಾಕಿಗಳ ಮುಂದೆ ಒಂದು ಮಾತೂ ಆಡದೆ ನನಗೆ ಬೇಕಾದದ್ದೆಲ್ಲ ನಡೆದುಹೋಗುತ್ತಿತ್ತು.

ಕುಶನ್ ಬಗ್ಗೆ ಒಂದು ಮಾತು ಹೇಳಬೇಕು. ಒಂದೇ ಕಡೆ ಕುಳಿತರೆ ನಿಮಗೆ ನೋವಾಗುತ್ತದೆ, ನೀವು ಜರುಗಿ ಕೂರುತ್ತೀರಿ. ನನಗೆ ನೋವೇ ತಿಳಿಯುವುದಿಲ್ಲ, ಹಾಗಾಗಿ ಜರುಗುವುದೂ ಇಲ್ಲ. ಮೂಳೆ ಒತ್ತಿದ ಕಡೆ ರಕ್ತ ಓಡದೆ ಚರ್ಮ ಸತ್ತು ಹುಣ್ಣಾಗುತ್ತದೆ. ಅದಕ್ಕೇ ಅಪ್ಪ ಆಸ್ಪತ್ರೆಯವರು ಹೇಳಿದ ಅಳತೆಗೆ ಕುಶನ್ನಿನ ಹಿಂಭಾಗದಲ್ಲಿ, ಬೆನ್ನಿನ ಕೊನೆಯ ಮೂಳೆ ತಾಗದ ಹಾಗೆ, ಒಂದು ಹಳ್ಳ ಕೊರೆದಿದ್ದ. ಹಳ್ಳ ಇರುವ ಬದಿ ಯಾವುದೆಂದು ಗೊತ್ತಾಗಲು ಅಮ್ಮ ಹೊದಿಕೆಯ ಆ ಬದಿಗೆ ಕೆಂಪು ದಾರದ ಹೊಲಿಗೆ ಹಾಕಿದ್ದಳು. ಕೆಂಪು ದಾರ ಬೆನ್ನಿನ ಕಡೆಗಿದ್ದರೆ ಸರಿ. ಕಾಲಿನ ಕಡೆಗೆ ಬಂದರೆ ತಪ್ಪು.

ಒಂದು ದಿನ ಅಮ್ಮ ಮಧ್ಯಾಹ್ನ ಊಟ ಮಾಡಿ ಒರಗಿದವಳು ಏಳಲಿಲ್ಲ.

ನೋಡಿಕೊಳ್ಳಲು ಮೊದಲು ಬಂದವಳು ಎರಡೇ ತಿಂಗಳಿಗೆ ಹೋದಳು. ಆ ಎರಡು ತಿಂಗಳು ನಾನು ಸರಿಬಾರದ್ದನ್ನೆಲ್ಲ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಕೊನೆಗೊಂದು ದಿನ ಬಾಚಣಿಗೆ ಜಾಗದಲ್ಲಿಲ್ಲ ಎಂಬುದೊಂದೇ ನೆಪಕ್ಕೆ ಅಷ್ಟನ್ನೂ ಒಟ್ಟಿಗೆ ಅವಳ ಮೇಲೆ ಸುರಿದೆ. ಅವಳು ಕೈಯಲ್ಲಿದ್ದ ಟವೆಲನ್ನು ಹಗ್ಗದ ಮೇಲೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಅಣ್ಣ ಪಕ್ಕದ ಊರಿನಿಂದ ಬಸ್ಸು ಹತ್ತಿ ಬಂದ.

"ಇನ್ನೊಬ್ಬಳನ್ನ ಹುಡುಕೋದು ಎಷ್ಟು ಕಷ್ಟ ಗೊತ್ತೇನೇ? ಬಾಯಿಗೆ ಬೀಗ ಹಾಕ್ಕೊಂಡಿರು. ಹೆಂಗೋ ಹೊಂದ್ಕೊಂಡು ಹೋಗು. ಮುಂದೆ ಬರೋಳೂ ಬಿಟ್ಟು ಹೋದ್ರೆ ಅಂಗಡಿ ಮುಚ್ಚಿ ನಮ್ಮನೆಗೆ ಬಂದ್ಬಿಡು. ಹಿಂದಿನ ರೂಮು ಖಾಲಿ ಇದೆ."

ಅಣ್ಣ ಕೆಟ್ಟವನಲ್ಲ. ಆದರೆ ಆ ಹಿಂದಿನ ರೂಮನ್ನು ನಾನು ನೋಡಿದ್ದೆ. ಅದರ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಲ್ಲಿಗೆ ಕೊಡೆ ಹಿಡಿದುಕೊಂಡು ಯಾರು ಬರುತ್ತಾರೆ? ಆ ದಿನವೇ ಬಾಯಿಗೆ ಬೀಗ ಹಾಕಿಕೊಂಡೆ.

ಎರಡನೆಯವಳು ಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಪೊರಕೆ, ಬಾಯಲ್ಲಿ ಹೇರ್‌ಪಿನ್ನು. ಬಾಗಿಲು ತೆರೆಯುವ ಮೊದಲೇ ಒಳಗಿರುತ್ತಿದ್ದಳು. ನಾನು ಮನಸ್ಸಿನಲ್ಲೇ ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟೆ, ಆಮೇಲೆ ಅದೇ ಹೆಸರು ನಿಂತಿತು. ಕೆಲಸ ಚೊಕ್ಕಟ, ಮನಸ್ಸು ಒಳ್ಳೆಯದು. ಆದರೆ ನಾನು ಇಕ್ಕಳದಲ್ಲಿ ಕುಟ್ಟಿದರೆ ಅವಳಿಗೆ ಏನು ತಿಳಿಯಬೇಕು?

ಒಂದು ಏಟು ಕುಟ್ಟಿದೆ. ನೀರು ಬರಲಿಲ್ಲ. ಇನ್ನೊಂದು ಸಲ ಕುಟ್ಟಿದೆ.

"ಅಕ್ಕಾ, ಆ ಕಡ್ಡಿ ಇನ್ನೂ ನೆಟ್ಟಗಾಗ್ಲಿಲ್ವಾ? ಗಟ್ಟಿ ಇದೆ ಅನ್ಸುತ್ತೆ" ಎಂದಳು ಒಳಗಿನಿಂದ.

ನಾನು ಮುಖ ಊದಿಸಿಕೊಂಡು ಕುಳಿತೆ. ಅಮ್ಮ ಇದ್ದಿದ್ದರೆ ಎಂದು ಗೋಡೆಯ ಮೇಲಿನ ಅವಳ ಫೋಟೋ ನೋಡಿಕೊಂಡೆ. ಈಗ ನೆನೆದರೆ ನಗು ಬರುತ್ತದೆ, ಆಗ ಕಣ್ಣೀರು ಬರುತ್ತಿತ್ತು.

ಮಳೆಗಾಲದ ಮೊದಲ ವಾರ. ಕೆಲಸ ರಾಶಿ ಬಿದ್ದಿತ್ತು. ಗಡಿಬಿಡಿ ಕುಶನ್ನಿನ ಹೊದಿಕೆ ಒಗೆದು, ಒಣಗಿಸಿ, ಮತ್ತೆ ತೊಡಿಸಿ, ಕುರ್ಚಿಯಲ್ಲಿಟ್ಟು ನನ್ನನ್ನು ಕೂರಿಸಿದಳು. ತಲೆ ಬಗ್ಗಿಸಿ ನೋಡಿದೆ. ಕೆಂಪು ದಾರ ನನ್ನ ಎರಡು ಮೊಣಕಾಲುಗಳ ನಡುವೆ ಕಾಣುತ್ತಿತ್ತು.

ಹೇಳಬೇಕಿದ್ದದ್ದು ಒಂದೇ ಮಾತು. ಮಾತು ನಾಲಿಗೆಯ ತುದಿಗೆ ಬಂತು, ಅಣ್ಣನ ಹಿಂದಿನ ರೂಮು ಕಣ್ಣ ಮುಂದೆ ಬಂತು, ನುಂಗಿಕೊಂಡೆ. ಮೂರು ಸಲ ಕುಟ್ಟಿದೆ. ಅವಳು ಬಂದು ನನ್ನ ಮುಂದೆ ಇನ್ನೊಂದು ಮುರಿದ ಕೊಡೆ ಇಟ್ಟು ಹೋದಳು. ನಾಳೆ ತಾನಾಗಿಯೇ ಸರಿ ಇಡುತ್ತಾಳೆ ಎಂದುಕೊಂಡೆ. ಮರುದಿನವೂ ಹಾಗೇ ಇಟ್ಟಳು. ಹೀಗೆ ಐದು ದಿನ, ದಿನಕ್ಕೆ ಎಂಟು ತಾಸು.

ಆರನೇ ದಿನ ಜ್ವರ ಬಂತು. ನರ್ಸಮ್ಮ ಬಂದರು. ನಮ್ಮ ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ದುಡಿದವರು, ಯಾರ ಮುಲಾಜಿಗೂ ಒಳಗಾಗದ ಹೆಂಗಸು. ನನ್ನನ್ನು ಮಗ್ಗುಲಿಗೆ ಹೊರಳಿಸಿ ನೋಡಿದರು. ಬೆನ್ನಿನ ಕೊನೆಯಲ್ಲಿ ಚರ್ಮ ಒಡೆದು ಹುಣ್ಣಾಗಿತ್ತು.

"ಎಷ್ಟು ದಿನದಿಂದ ಇದು?"

ಗಡಿಬಿಡಿ ಸೆರಗಿನ ತುದಿ ತಿರುಚುತ್ತ, "ಎರಡನೇ ದಿನಾನೇ ಕೆಂಪಗಾಗಿತ್ತು ಅಮ್ಮಾ. ಸ್ನಾನ ಮಾಡ್ಸುವಾಗ ನೋಡ್ದೆ" ಎಂದಳು.

"ಹೇಳ್ಬಾರ್ದಿತ್ತಾ?"

"ಮುಂಚೆ ಇದ್ದೋಳಿಗೆ ಅಕ್ಕ ಹೆಂಗೆ ಬೈದ್ರು ಅಂತ ಬೀದೀಲೆಲ್ಲ ಗೊತ್ತು. ನನ್ನ ತಲೆ ಮೇಲೆ ಹಾಕ್ತಾರೆ ಅಂತ ಭಯ ಆಯ್ತು."

ಅವಳು ನೋಡಿ ಹೇಳಲಿಲ್ಲ, ನಾನು ನೋಡಿ ಹೇಳಲಿಲ್ಲ. ನಡುವೆ ಹುಣ್ಣು ಮಾತ್ರ ಬೆಳೆಯಿತು.

ಸುದ್ದಿ ತಿಳಿದು ಅಣ್ಣ ಓಡಿ ಬಂದ. ಬಂದವನೇ ಗಡಿಬಿಡಿಯ ಮೇಲೆ ಕಣ್ಣು ಕೆಂಪಗೆ ಮಾಡಿದ. "ಇವಳನ್ನ ಇವತ್ತೇ ಕಳಿಸ್ತೀನಿ. ನೀನು ನಮ್ಮನೆಗೆ ನಡಿ. ಸಾಕು ಈ ಕೊಡೆ ಅಂಗಡಿ!"

ನರ್ಸಮ್ಮ ಕೈ ತೊಳೆಯುತ್ತಲೇ ಹೇಳಿದರು, "ಈಗ ಇವಳನ್ನ ಎಲ್ಲೂ ಕರ್ಕೊಂಡು ಹೋಗೋ ಹಾಗಿಲ್ಲ. ಆರು ವಾರ ಕೂರ್ಬಾರ್ದು, ಮಕಾಡೆ ಅಥವಾ ಮಗ್ಗುಲಾಗಿ ಮಲಗ್ಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸೋಕೆ ಜನ ಬೇಕು. ನೀನು ಮಾಡ್ತೀಯಾ?"

ಅಣ್ಣ ತಲೆ ಕೆರೆದುಕೊಂಡ. ಹುಣ್ಣು ಮಾಯುವವರೆಗೆ ಗಡಿಬಿಡಿ ಇರಲಿ, ಆಮೇಲೆ ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಬಸ್ಸಿಗೆ ಹೋದ.

ಹೊರಗೆ ಮಳೆ ಸುರಿಯುತ್ತಿತ್ತು. ಜನ ಮುರಿದ ಕೊಡೆ ಹಿಡಿದು ಬಂದು, ಬಾಗಿಲು ಮುಚ್ಚಿರುವುದನ್ನು ನೋಡಿ ಹಿಂದಿರುಗುವ ಸದ್ದು ಕೇಳಿಸುತ್ತಿತ್ತು. ದಿಂಬಿಗೆ ಕೆನ್ನೆ ಒತ್ತಿಕೊಂಡು ಅತ್ತೆ.

ಮೂರನೇ ದಿನ ಡ್ರೆಸ್ಸಿಂಗ್ ಮಾಡಲು ಬಂದ ನರ್ಸಮ್ಮನಿಗೆ ಅದನ್ನೇ ಹೇಳಿದೆ. "ಅಮ್ಮ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ. ಅವಳಿಗೆ ಹೇಳೋದೇ ಬೇಕಿರ್ಲಿಲ್ಲ. ತಾನಾಗೇ ತಿಳ್ಕೊಳ್ತಿದ್ಲು."

ಅವರು ನನ್ನ ಬಲಪಾದವನ್ನು ಬೆಳಕಿಗೆ ಹಿಡಿದರು. "ಹಾಗಾದ್ರೆ ಈ ಸುಟ್ಟ ಕಲೆ ಯಾರು ಮಾಡಿದ್ದು?"

ಆ ಕಲೆಯನ್ನು ನಾನು ಎಷ್ಟೋ ವರ್ಷದಿಂದ ನೋಡಿರಲೇ ಇಲ್ಲ. ಅದು ಅಮ್ಮನೇ ಮಾಡಿದ್ದು.

ನಾನು ಬಿದ್ದ ಮೊದಲ ವರ್ಷ. ಅಮ್ಮ ಬಿಸಿನೀರು ಹೊಯ್ದಳು. ಆವಿ ಏಳುತ್ತಿದ್ದುದು ನನಗೆ ಕಾಣುತ್ತಿತ್ತು, ಇಷ್ಟೊಂದು ಕಷ್ಟಪಡುತ್ತಾಳೆ, ಇನ್ನೇನು ಹೇಳುವುದು ಎಂದು ಸುಮ್ಮನಿದ್ದೆ. ಪಾದ ಬೊಬ್ಬೆ ಎದ್ದಿತು. ಅಮ್ಮ ಬಚ್ಚಲ ನೆಲದ ಮೇಲೆ ಕುಳಿತು ನನಗಿಂತ ಜೋರಾಗಿ ಅತ್ತಳು. ಆಮೇಲೆ ಎದ್ದು ನಿಂತು ಬೈದಳು. ಅವಳು ಬೈದ ಮಾತು ಇಪ್ಪತ್ತೆರಡು ವರ್ಷದ ಸವಿಯಲ್ಲಿ ನನಗೆ ಮರೆತೇ ಹೋಗಿತ್ತು. "ನೀನು ನನ್ನ ಹೊಟ್ಟೆಯೊಳಗಿದ್ದೆ ಕಣೇ. ನಾನು ನಿನ್ನ ಹೊಟ್ಟೆಯೊಳಗಿಲ್ಲ. ನಿಂಗೇನು ಬೇಕು ಅಂತ ಬಾಯಿ ಬಿಟ್ಟು ಹೇಳು!"

ಆ ಮೇಲೆ ಶುರುವಾಯಿತು ನಮ್ಮ ಪಾಠ. ನಾನು ಹೇಳುವುದು, ಅವಳು ತಪ್ಪು ಮಾಡುವುದು, ಜಗಳ, ಮತ್ತೆ ಹೇಳುವುದು. ಎತ್ತುವ ಮೊದಲು ನನಗೆ ತಿಳಿಸು ಎಂದು ಹೇಳಿದ್ದೇ ನೂರು ಸಲವಿರಬೇಕು. ಇಕ್ಕಳದ ಏಟುಗಳು ಬಂದದ್ದು ಎಷ್ಟೋ ತಿಂಗಳ ನಂತರ, ಹೇಳಿ ಹೇಳಿ ಇಬ್ಬರಿಗೂ ಬಾಯಿ ನೋಯತೊಡಗಿದಾಗ. ಅಮ್ಮ ತಾನಾಗೇ ತಿಳಿದುಕೊಳ್ಳುತ್ತಿದ್ದಳು ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಅದು ನನ್ನ ಪ್ರೀತಿ ಕಟ್ಟಿದ ಕಥೆಯಾಗಿತ್ತು. ನಿಜವಾಗಿ ಅಮ್ಮ ಕಲಿತವಳು. ಕಲಿಸಿದವಳು ನಾನೇ.

ನರ್ಸಮ್ಮನಿಗೆ ಇದೆಲ್ಲ ಹೇಳಿದೆ. ಅವರು ನಕ್ಕು ಗಡಿಬಿಡಿಯನ್ನು ಕೂಗಿದರು. "ಬಾರಮ್ಮಾ ಇಲ್ಲಿ. ಇವಳು ನಿಂಗೊಂದು ವಿಷಯ ಹೇಳ್ತಾಳೆ. ಹ್ಞೂಂ, ಹೇಳು. ಕುಶನ್ ವಿಷಯ."

ನಾನು ಗಂಟಲು ಸರಿಮಾಡಿಕೊಂಡೆ. "ಅದು… ಏನಿಲ್ಲ… ನಿಂಗೆ ತೊಂದ್ರೆ ಇಲ್ಲ ಅಂದ್ರೆ… ಪರವಾಗಿಲ್ಲ ಬಿಡು, ಯಾವಾಗಾದ್ರೂ ಸಮಯ ಸಿಕ್ಕಾಗ ಕುಶನ್ನು…"

"ಇದು ಹೇಳೋದಲ್ಲ, ಭಿಕ್ಷೆ ಕೇಳೋದು" ಎಂದರು ನರ್ಸಮ್ಮ. "ನಿನ್ನ ಮೈ ಬಗ್ಗೆ ಹೇಳೋಕೆ ನೀನ್ಯಾಕೆ ಬೇಡ್ಕೋಬೇಕು? ಮತ್ತೆ ಹೇಳು."

ಈ ಸಲ ಸಿಟ್ಟು ಬಂತು. "ಕುಶನ್ ತಿರುವುಮುರುವು ಇಡ್ಬೇಡ ಅಂತ ಎಷ್ಟು ಸಲ ಹೇಳೋದೇ ನಿಂಗೆ?"

"ಒಂದು ಸಲಾನೂ ಹೇಳಿಲ್ವಲ್ಲಕ್ಕಾ!" ಎಂದಳು ಗಡಿಬಿಡಿ.

ಮೂವರಿಗೂ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತ್ತು.

ನರ್ಸಮ್ಮ ಮಂಚದ ತುದಿಯಲ್ಲಿ ಕುಳಿತರು. "ನೋಡು ತಾಯಿ, ಮೊದಲನೇದು ನುಂಗೋದು, ಎರಡನೇದು ಉಗಿಯೋದು. ಎರಡೂ ಬೇಡ. ನೀನು ನೋಡಿದ್ದು ಏನು, ಅದ್ರಿಂದ ನಿಂಗೇನಾಗುತ್ತೆ, ಏನು ಮಾಡ್ಬೇಕು, ಇಷ್ಟು ಹೇಳು. ಅವಳ ಮುಖ ನೋಡಿ, ಸಾಮಾನ್ಯ ಧ್ವನೀಲಿ. ಆಮೇಲೆ ಅವಳು ಏನಂತಾಳೆ ಅಂತ ಕೇಳ್ಕೋ."

ನಾನು ಕತ್ತು ಹೊರಳಿಸಿ ಗಡಿಬಿಡಿಯ ಮುಖ ನೋಡಿದೆ. "ಕುಶನ್ನಿನ ಕೆಂಪು ದಾರ ಮುಂದಿತ್ತು. ಅದು ಹಾಗಿದ್ರೆ ಮೂಳೆ ಒತ್ತಿ ನಂಗೆ ಹುಣ್ಣಾಗುತ್ತೆ. ಕೆಂಪು ದಾರ ಬೆನ್ನಿನ ಕಡೆ ಬರೋ ಹಾಗೆ ಇಡು. ಕೂರಿಸೋಕೆ ಮುಂಚೆ ನಾವಿಬ್ರೂ ಒಂದ್ಸಲ ನೋಡೋಣ."

"ಅಷ್ಟೇನಾ?" ಎಂದಳು ಅವಳು. "ಆ ಹಳ್ಳ ತೊಡೆ ಕೆಳಗೆ ಬಂದ್ರೆ ನಿಮ್ಗೆ ಆರಾಮ ಅಂತ ನಾನೇ ಹಾಗಿಟ್ಟಿದ್ದೆ. ದಾರಕ್ಕೊಂದು ಅರ್ಥ ಇದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕಕ್ಕಾ?"

"ಈಗ ನಿನ್ನ ಸರದಿ" ಎಂದರು ನರ್ಸಮ್ಮ. "ನಿಂಗೇನಿದೆ ಹೇಳು."

ಅವಳು ಮೊದಲು ಏನಿಲ್ಲ ಎಂದಳು. ಆಮೇಲೆ ಸುರಿಮಳೆಯಾಯಿತು. "ಎತ್ತುವಾಗ ನೀವು ನನ್ನ ಕುತ್ತಿಗೆಗೆ ಜೋತು ಬೀಳ್ತೀರಿ. ಮನೆಗೆ ಹೋದ್ಮೇಲೆ ಕತ್ತು ತಿರುಗಿಸೋಕೆ ಆಗಲ್ಲ. ಭುಜ ಹಿಡ್ಕೊಳ್ಳಿ. ಮತ್ತೆ ನೀವು ಮುಖ ಊದಿಸ್ಕೊಂಡು ಕೂತ್ರೆ ನಂಗೆ ಊಟ ಸೇರಲ್ಲ. ಬೈಯೋದಾದ್ರೆ ಬೈರಿ, ಆದ್ರೆ ಯಾಕೆ ಅಂತ ಹೇಳಿ ಬೈರಿ."

ಬಂದಾಗಿನಿಂದ ನನ್ನನ್ನು ಎತ್ತುತ್ತಿದ್ದವಳ ಕುತ್ತಿಗೆ ನೋಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾಚಿಕೆಯಾಯಿತು. ಆ ದಿನದಿಂದ ಭುಜ ಹಿಡಿದೆ. ಅವಳು ದಿನಾ ಬೆಳಿಗ್ಗೆ ನನ್ನ ಬೆನ್ನಿನ ಚರ್ಮ ನೋಡಿ, ಕನ್ನಡಿ ಹಿಡಿದು ನನಗೂ ತೋರಿಸತೊಡಗಿದಳು. ಎತ್ತುವ ಮೊದಲು "ಅಕ್ಕಾ, ಎತ್ತಲಾ?" ಎಂದು ಕೇಳುತ್ತಿದ್ದಳು, ನಾನು ಹ್ಞೂಂ ಅಂದ ಮೇಲೇ ಎತ್ತುತ್ತಿದ್ದಳು. ತಿಳಿಯದಿದ್ದರೆ ಇಬ್ಬರೂ ಕೇಳಿದೆವು. ಕೆಲವು ದಿನ ಜಗಳವೂ ಆಯಿತು, ಆದರೆ ಜಗಳ ಆ ದಿನದ್ದು ಆ ದಿನವೇ ಮುಗಿಯುತ್ತಿತ್ತು.

ನರ್ಸಮ್ಮ ಹೇಳಿದ ಹಾಗೆ ಹುಣ್ಣು ಆರೇ ವಾರಕ್ಕೆ ಮಾಯಿತು. ಮೊದಲು ದಿನಕ್ಕೆ ಅರ್ಧ ತಾಸು ಕೂರಲು ನರ್ಸಮ್ಮ ಒಪ್ಪಿಗೆ ಕೊಟ್ಟರು. ಅದೇ ದಿನ ಅಣ್ಣ ಬಂದ, ಹೊರಗೊಂದು ಗಾಡಿ ನಿಲ್ಲಿಸಿಕೊಂಡು. ನನ್ನ ಬಟ್ಟೆ ತುಂಬಲು ಎರಡು ಚೀಲ ತಂದಿದ್ದ. ಒಳಗೆ ಬಂದವನು ಮಾತಿಲ್ಲದೆ ಗಾಲಿಕುರ್ಚಿಯ ಹಿಂದಿನ ಹಿಡಿ ಹಿಡಿದು ತಳ್ಳಿದ.

"ಅಣ್ಣಾ, ನಿಲ್ಲು" ಎಂದೆ. ಧ್ವನಿ ನಡುಗಲಿಲ್ಲ, ಏರಲೂ ಇಲ್ಲ. "ಹೇಳ್ದೆ ತಳ್ಳಿದ್ರೆ ನನ್ನ ಬೆರಳು ಚಕ್ರಕ್ಕೆ ಸಿಗುತ್ತೆ. ತಳ್ಳೋಕೆ ಮುಂಚೆ ನನ್ನ ಕೇಳು."

ಅವನು ಕೈ ತೆಗೆದ. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಅವನು ಇಂಥ ಮಾತು ಕೇಳಿರಲಿಲ್ಲ.

"ಇನ್ನೊಂದು. ನೀನು ನನ್ನ ಬಗ್ಗೆ ಯೋಚಿಸ್ತೀಯ ಅಂತ ಗೊತ್ತು. ಆದ್ರೆ ನಾನು ಬರಲ್ಲ. ಇದು ನನ್ನ ಮನೆ, ಇದು ನನ್ನ ಕೆಲಸ. ಆ ಹಿಂದಿನ ರೂಮಲ್ಲಿ ನಾನು ಬಾಡಿ ಹೋಗ್ತೀನಿ. ಇವಳೂ ನಾನೂ ಮಾತಾಡಿ ನಡೆಸ್ಕೊಂಡು ಹೋಗ್ತೀವಿ."

ಅಣ್ಣ ಗಡಿಬಿಡಿಯ ಕಡೆ ತಿರುಗಿದ. "ಏನಮ್ಮಾ, ಇವಳಿಗೆ ಇಲ್ಲಿ ಇರೋಕಾಗುತ್ತಾ?"

ಗಡಿಬಿಡಿ ಪಾತ್ರೆ ಒರೆಸುತ್ತಲೇ, "ಅವರೇ ಎದುರಿಗಿದ್ದಾರಲ್ಲ ಅಣ್ಣಾ, ಅವರನ್ನೇ ಕೇಳಿ" ಎಂದಳು.

ಅಣ್ಣ ಸ್ವಲ್ಪ ಹೊತ್ತು ಚೀಲಗಳನ್ನು ಕೈಯಿಂದ ಕೈಗೆ ಬದಲಾಯಿಸಿದ. ಆಮೇಲೆ ಹೊರಗೆ ಹೋಗಿ ಗಾಡಿಯವನನ್ನು ಕಳಿಸಿ, ತನ್ನ ಕೊಡೆ ತಂದು ನನ್ನ ಹಲಗೆಯ ಮೇಲಿಟ್ಟ. ಅದರ ಎರಡು ಕಡ್ಡಿ ಮುರಿದಿದ್ದವು. "ಅರ್ಧ ತಾಸಲ್ಲಿ ಆಗುತ್ತಾ?" ಎಂದು ನನ್ನನ್ನೇ ಕೇಳಿದ. ಇಪ್ಪತ್ತು ನಿಮಿಷದಲ್ಲಿ ಮಾಡಿಕೊಟ್ಟೆ. ಹೊರಡುವಾಗ, "ಬಾಗಿಲವರೆಗೆ ತಳ್ಳಲಾ?" ಎಂದ. ಹ್ಞೂಂ ಅಂದೆ.

ಗಡಿಬಿಡಿ ಹದಿನಾಲ್ಕು ವರ್ಷ ಇದ್ದಳು. ಇಕ್ಕಳದ ಏಟುಗಳನ್ನು ಅವಳಿಗೆ ಒಂದೊಂದಾಗಿ ಹೇಳಿಕೊಟ್ಟೆ. ಅವಳೂ ಒಂದನ್ನು ಸೇರಿಸಿದಳು. ನಾಲ್ಕು ಏಟು ಎಂದರೆ, ಈ ಗಿರಾಕಿ ಕೊರೆಯುತ್ತಿದ್ದಾನೆ, ಬಂದು ಕಾಪಾಡು. ಎಷ್ಟು ಜನರಿಂದ ಕಾಪಾಡಿದಳೋ ಲೆಕ್ಕವಿಲ್ಲ. ಹೋದ ತಿಂಗಳು ಅವಳ ಮೊಣಕಾಲುಗಳು ಸೋತವು. "ಅಕ್ಕಾ, ಇನ್ನು ನಿಮ್ಮನ್ನ ಎತ್ತೋಕೆ ನನ್ನ ಕೈಲಾಗಲ್ಲ. ಬಿದ್ರೆ ಇಬ್ರೂ ಬೀಳ್ತೀವಿ" ಎಂದು ಅವಳೇ ಬಾಯಿ ಬಿಟ್ಟು ಹೇಳಿದಳು. ಮಗಳ ಮನೆಗೆ ಹೊರಟ ದಿನ ಹೊಸಿಲ ಮೇಲೆ ನಿಂತು ಬಾಗಿಲ ಮೇಲೆ ಬೆರಳಿನಿಂದ ನಾಲ್ಕು ಸಲ ಕುಟ್ಟಿದಳು. ನನಗೆ ನಗುವೂ ಬಂತು, ಅಳುವೂ ಬಂತು.

ಇವತ್ತು ಬೆಳಿಗ್ಗೆ ಹೊಸಬಳು ಬಂದಳು. ಇಪ್ಪತ್ತೈದರ ಆಸುಪಾಸಿನವಳು. ಬಾಗಿಲಲ್ಲೇ ನಿಂತು ಎಲ್ಲಿಂದ ಶುರು ಮಾಡಲಿ ಎಂಬಂತೆ ನನ್ನನ್ನೂ ಕುರ್ಚಿಯನ್ನೂ ನೋಡುತ್ತಿದ್ದಳು. ನನಗೆ ಬಾಯಾರಿತ್ತು. ಕೈ ತಾನಾಗಿಯೇ ಇಕ್ಕಳದ ಕಡೆ ಹೋಯಿತು, ಹಳೆಯ ಚಾಳಿ. ಇಕ್ಕಳವನ್ನು ಡ್ರಾಯರಿನೊಳಗಿಟ್ಟು ಮುಚ್ಚಿದೆ.

"ಬಾಮ್ಮಾ, ಕೂತ್ಕೋ" ಎಂದೆ. "ನನ್ನ ಮೈ ಹೇಗಿದೆ ಅಂತ ನಂಗೆ ಗೊತ್ತು, ನಿಂಗೆ ಗೊತ್ತಿಲ್ಲ. ನಾನು ಹೇಳ್ತೀನಿ. ನಿಂಗೆ ಏನು ಕಷ್ಟ ಅಂತ ನಂಗೆ ಗೊತ್ತಾಗಲ್ಲ. ನೀನು ಹೇಳು. ಮೊದಲು ನಂಗೊಂದು ಲೋಟ ನೀರು ಬೇಕು."

ತಂದುಕೊಟ್ಟಳು. ಹದಿನಾಲ್ಕು ವರ್ಷದ ಹಿಂದೆಯೂ ಇಷ್ಟೇ ಸುಲಭವಾಗಿತ್ತು.

ಈ ಕಥೆ ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ನಿಮ್ಮನ್ನು ಇನ್ನೊಬ್ಬರು ಎತ್ತಿ ಕೂರಿಸಬೇಕಿದ್ದರೂ ನಿಮ್ಮ ಮೈಗೆ ಯಜಮಾನರು ನೀವೇ. ಹೇಗೆ ಎತ್ತಬೇಕು, ನೀರು ಎಷ್ಟು ಬಿಸಿ ಇರಬೇಕು, ಏನು ಬೇಡ, ಹೇಳಿ. ಆ ದಿನವೇ, ಆ ಹೊತ್ತಿಗೇ ಹೇಳಿ. ನೋಡಿಕೊಳ್ಳುವವರೇ, ಮುಟ್ಟುವ ಮೊದಲು ಕೇಳಿ, ಚರ್ಮ ಕೆಂಪಗಾದದ್ದು ಕಂಡರೆ ಯಾರು ಬೈದರೂ ಬೈಯಲಿ ಎಂದು ಕೂಡಲೇ ತಿಳಿಸಿ, ನಿಮ್ಮ ಕತ್ತು ನೋಯುತ್ತಿದ್ದರೆ ಅದನ್ನೂ ಹೇಳಿ. ಮನೆಯವರೇ, ಅವರ ಪರವಾಗಿ ನೀವು ಉತ್ತರ ಕೊಡಬೇಡಿ. ನಾಳೆ ಬೆಳಿಗ್ಗೆಯವರೆಗೆ ಕಾಯಬೇಡಿ. ಈ ಕಾಗದ ಕೆಳಗಿಟ್ಟು, ಎಷ್ಟೋ ದಿನದಿಂದ ನುಂಗಿಕೊಂಡಿರುವ ಒಂದು ಮಾತನ್ನು ಪಕ್ಕದಲ್ಲಿರುವವರ ಮುಖ ನೋಡಿ ಇವತ್ತೇ ಹೇಳಿ. ನಮ್ಮನ್ನು ಹೊತ್ತು ಹೆತ್ತವಳಿಗೇ ಹೇಳದೆ ತಿಳಿಯಲಿಲ್ಲ, ಇನ್ನೊಬ್ಬರಿಗೆ ಹೇಗೆ ತಿಳಿದೀತು?